ಅವಧಿ ಮುಗಿದ ನೀರು

ಸಭೆಯ ಅಧ್ಯಕ್ಷರೂ ನಮ್ಮ ಅಧ್ಯಯನ ಸಂಸ್ಥೆಯ ನಿರ್ದೇಶಕರೂ ಆದ ಮಾನ್ಯರೇ, ನಗರ ಯೋಜನಾ ಇಲಾಖೆಯ ಮುಖ್ಯಸ್ಥರಾಗಿದ್ದೂ ನಮಗಾಗಿ ಬಿಡುವು ಮಾಡಿಕೊಂಡು ಬಂದಿರುವ ಮುಖ್ಯ ಅತಿಥಿಗಳೇ, ಮುಂದಿನ ಸಾಲಿನ ವಿದ್ವಾಂಸರೇ, ಹಿಂದಿನ ಸಾಲಿನ ಕೆಲಸಗಾರರೇ, ಚಹಾ ಯಾವಾಗ ಬರುತ್ತದೆಂದು ಬಾಗಿಲ ಕಡೆಗೇ ಕಣ್ಣು ನೆಟ್ಟಿರುವ ಸಭಿಕರೇ!

ಈ ಮೈಕನ್ನು ಸ್ವಲ್ಪ ಆಚೆ ಸರಿಸುತ್ತೇನೆ. ನನಗಾಗಿ ಅಲ್ಲ, ಅದರ ಕ್ಷೇಮಕ್ಕಾಗಿ. ನಾನು ನಾಟಕ ಕಂಪನಿಯಲ್ಲಿ ಹುಟ್ಟಿದವನು. ಕೊನೆಯ ಬೆಂಚಿನಲ್ಲಿ ಗೊರಕೆ ಹೊಡೆಯುವವನನ್ನು ಎಬ್ಬಿಸದ ಮಾತು ಮಾತೇ ಅಲ್ಲ ಎಂದು ಕಲಿತವನು.

ಇವತ್ತು ಇಲ್ಲಿ ಎರಡು ಬಿಡುಗಡೆ. ನದಿತೀರದ ಪ್ರಾದೇಶಿಕ ಅಧ್ಯಯನ ವರದಿಯ ಎರಡನೆಯ ಮುದ್ರಣದ ಬಿಡುಗಡೆ ಒಂದು. ನನ್ನ ಬಿಡುಗಡೆ ಇನ್ನೊಂದು. ಪುಸ್ತಕ ಲೋಕಕ್ಕೆ ಬರುತ್ತಿದೆ, ನಾನು ಮನೆಗೆ ಹೋಗುತ್ತಿದ್ದೇನೆ. ನೋಡಿ, ಮೇಜಿನ ಮೇಲೆ ಆ ಕಟ್ಟು ಕೆಂಪು ರಿಬ್ಬನ್ ಬಿಗಿಸಿಕೊಂಡು ಹೇಗೆ ಕೂತಿದೆ! ಅದನ್ನು ಅತಿಥಿಗಳು ಕತ್ತರಿಸುತ್ತಾರೆ. ಕತ್ತರಿಯನ್ನು ಅವರ ಕೈಗೆ ಕೊಡುವ ಗೌರವವನ್ನು ನಿವೃತ್ತನಾಗುವ ನನಗೆ ದಯಪಾಲಿಸಿದ್ದಾರೆ. ಕತ್ತರಿ ಇಲ್ಲೇ ತಟ್ಟೆಯಲ್ಲಿದೆ. ಅವಸರವಿಲ್ಲ.

ನಿವೃತ್ತ ಎಂದೆನೇ? ತಪ್ಪು. ಈ ಸಂಸ್ಥೆಯಲ್ಲಿ ಕರಡು ತಿದ್ದುವವನು ನಾನೇ ಆದ್ದರಿಂದ ನಾನೇ ತಿದ್ದುತ್ತೇನೆ. ಖಾಯಂ ನೌಕರರು ನಿವೃತ್ತರಾಗುತ್ತಾರೆ. ನಾನು ಹಂಗಾಮಿ. ಹಂಗಾಮಿಗೆ ನಿವೃತ್ತಿ ಎಲ್ಲಿಯದು? ಅವಧಿ ಮುಗಿಯುತ್ತದೆ, ಅಷ್ಟೆ. ಕಪ್ಪು ತಲೆ ಹೊತ್ತು ಹಂಗಾಮಿಯಾಗಿ ಬಂದೆ, ಬಿಳಿ ತಲೆ ಹೊತ್ತು ಹಂಗಾಮಿಯಾಗಿಯೇ ಹೊರಟಿದ್ದೇನೆ. ಈ ನಡುವೆ ಎಷ್ಟು ಜನ ನಿರ್ದೇಶಕರು ಬಂದರು, ಎಷ್ಟು ಜನ ಹೋದರು! ಅವರೆಲ್ಲ ಖಾಯಂ!

ನಗಿ, ನಗಿ. ಆದರೆ ಆ ಪದವನ್ನು ಮರೆಯಬೇಡಿ. ಹಂಗಾಮಿ. ಇವತ್ತಿನ ನಾಟಕದ ಖಳನಾಯಕ ಅವನೇ.

ನನ್ನ ಅಪ್ಪ ಕಂಪನಿಯ ಪ್ರಾಂಪ್ಟರ್. ಪರದೆಯ ಪಕ್ಕದ ಕತ್ತಲಲ್ಲಿ ನಿಂತು, ಮಾತು ಮರೆತ ನಟನಿಗೆ ಮೆಲ್ಲಗೆ ಎತ್ತಿಕೊಡುವವರು. ಅಕ್ಕ ರಾಣಿ. ನಾನು ರಾಣಿಗೆ ಗಾಳಿ ಬೀಸುವವನು. ಅಕ್ಕ ತಗಡಿನ ಕಿರೀಟ ಇಟ್ಟುಕೊಂಡು ಬಂದು ನಿಂತಳೆಂದರೆ, ಮುಂದಿನ ಸಾಲಿನಲ್ಲಿ ಕಡಲೆಕಾಯಿ ಸುಲಿಯುವವರ ಕೈ ನಿಂತುಹೋಗುತ್ತಿತ್ತು. ಅಪ್ಪ ನನಗೆ ತಮ್ಮ ಕಸುಬನ್ನು ಒಂದೇ ಮಾತಿನಲ್ಲಿ ಕಲಿಸಿದರು: "ಪ್ರಾಂಪ್ಟರ್ ಸ್ಟೇಜಿಗೆ ಬಂದ್ರೆ ನಾಟಕ ಕೆಡುತ್ತೆ ಕಣೋ. ಆದ್ರೆ ನಟ ತಪ್ಪು ಮಾತಾಡ್ತಾ ಇದ್ರೂ ಬಾಯಿ ಮುಚ್ಕೊಂಡು ನಿಂತಿದ್ರೆ ಅವನು ಪ್ರಾಂಪ್ಟರ್ ಅಲ್ಲ, ಬರೀ ಕಂಬ."

ಕಂಪನಿ ಮುಚ್ಚಿತು. ಅಪ್ಪ ಹೋದರು. ಅಕ್ಕ ಒಂದು ಶಾಲೆಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಟ್ಟು ಜೀವನ ಸಾಗಿಸಿದಳು. ನಾನು ಇಲ್ಲಿಗೆ ಬಂದು, ವಿದ್ವಾಂಸರ ವಾಕ್ಯಗಳ ಪಕ್ಕದ ಕತ್ತಲಲ್ಲಿ ನಿಂತುಕೊಂಡೆ.

ಈಗ ವರದಿಯ ವಿಷಯ. ಅದನ್ನು ಬರೆದಾಕೆ ಈ ಸಭೆಯಲ್ಲಿಲ್ಲ. ಸಂಸ್ಥೆಯಲ್ಲಿ ಎಲ್ಲರೂ ಅವಳನ್ನು ಗಂಬೂಟು ಎಂದೇ ಕರೆಯುತ್ತಿದ್ದರು. ಉಳಿದ ಸಂಶೋಧಕರು ಉಪಗ್ರಹದ ಚಿತ್ರ ನೋಡಿ ನೆಲದ ಬಗ್ಗೆ ಬರೆದರೆ, ಈಕೆ ಮೊಣಕಾಲುದ್ದದ ರಬ್ಬರ್ ಬೂಟು ಏರಿಸಿಕೊಂಡು ನದಿಯ ಪಕ್ಕದ ತಗ್ಗಿಗೆ ಇಳಿದುಬಿಡುತ್ತಿದ್ದಳು. ಒರೆಸಿದ ವರಾಂಡದಲ್ಲಿ ಕೆಸರಿನ ಹೆಜ್ಜೆ ಕಂಡರೆ, "ಗಂಬೂಟಮ್ಮನ ಸವಾರಿ ಬಂತು, ತಗೊಳ್ರಪ್ಪ ಬಕೆಟ್ಟು" ಎಂದು ಕೂಗು ಏಳುತ್ತಿತ್ತು.

ಆಕೆ ಕಂಡುಕೊಂಡದ್ದು ಇಷ್ಟು. ಊರಿಗೂ ನದಿಗೂ ನಡುವೆ ಇರುವ ಆ ತಗ್ಗು ಬೇಸಿಗೆಯಲ್ಲಿ ಬರೀ ಬಯಲು. ಮಕ್ಕಳು ಚೆಂಡಾಡುತ್ತವೆ. ಮಳೆಗಾಲದಲ್ಲಿ ನದಿ ಉಕ್ಕಿದಾಗ ಹೆಚ್ಚಿನ ನೀರು ಅಲ್ಲಿ ಬಂದು ಕೂರುತ್ತದೆ, ಸುಧಾರಿಸಿಕೊಳ್ಳುತ್ತದೆ, ನಿಧಾನವಾಗಿ ಇಳಿದು ಹೋಗುತ್ತದೆ. ಅದು ಅಲ್ಲಿ ಕೂರುವುದರಿಂದಲೇ ಊರಿನೊಳಗೆ ಬರುವುದಿಲ್ಲ. ಇದಕ್ಕೊಂದು ಹೆಸರು ಬೇಕಿತ್ತು. ಮಳೆಯ ಹಂಗಾಮಿಗೆ, ಅಂದರೆ ಮಳೆಗಾಲಕ್ಕೆ, ಬರುವ ನೀರಿನ ನೆಲ. ಆಕೆ ಬರೆದಳು: ಹಂಗಾಮಿ ಜಲಭೂಮಿ.

ಕರಡು ನನ್ನ ಮೇಜಿಗೆ ಬಂತು. ನನ್ನ ಅಭ್ಯಾಸದಂತೆ ಗಟ್ಟಿಯಾಗಿ ಓದಿದೆ. ಹಂಗಾಮಿ ಜಲಭೂಮಿ! ನಾದ ಚೆನ್ನಾಗಿತ್ತು. ಅಚ್ಚಿಗೆ ಹೋಯಿತು. ಇರಲಿ, ಮುಂದೆ ಸಾಗೋಣ.

ವರದಿ ಇಲಾಖೆಗೆ ಹೋಯಿತು. ಅತಿಥಿಗಳೇ, ಇದು ನೀವು ಬರುವುದಕ್ಕೆ ಮುಂಚಿನ ಮಾತು, ನಿರಾಳವಾಗಿ ಕೂತು ಕೇಳಿ. ಅಲ್ಲೊಬ್ಬರು ಪರಿಶೀಲನಾಧಿಕಾರಿ. ಅವರ ಮಟ್ಟಿಗೆ ಹಂಗಾಮಿ ಎಂದರೆ ತಾತ್ಕಾಲಿಕ. ಹಂಗಾಮಿ ಗುಮಾಸ್ತ, ಹಂಗಾಮಿ ಚಾಲಕ, ಹಂಗಾಮಿ ಜಲಭೂಮಿ. ವಿವರಣೆ ಕೊಡಲು ಗಂಬೂಟು ಹೋದಾಗ ಜೊತೆಗೆ ನಾನೂ ಹೋಗಿದ್ದೆ. ಅಂಥ ಸಂವಾದವನ್ನು ನಮ್ಮ ಕಂಪನಿಯ ಹಾಸ್ಯಗಾರನೂ ಆಡಿರಲಿಲ್ಲ.

"ಹಂಗಾಮಿ ಅಂದ್ಮೇಲೆ ಅವಧಿ ಎಷ್ಟು ಅಂತ ಬರೀಬೇಕಲ್ಲಮ್ಮ?"

"ಅವಧಿ ಇಲ್ಲ ಸರ್. ಪ್ರತಿ ವರ್ಷ ಬರುತ್ತೆ."

"ಪ್ರತಿ ವರ್ಷ ಬರೋದಾದ್ರೆ ಖಾಯಂ ಅಂತ ಬರೀರಿ."

"ಖಾಯಂ ಅಲ್ಲ ಸರ್. ಬೇಸಿಗೇಲಿ ಒಣಗಿರುತ್ತೆ."

"ಒಣಗುತ್ತೆ ಅಂದ್ರೆ ಹಂಗಾಮಿ. ಹಂಗಾಮಿ ಅಂದ್ರೆ ಅವಧಿ ಬೇಕು."

"ಸರ್, ಅದು ನೀರು. ನೌಕರ ಅಲ್ಲ."

"ಫೈಲಿಗೆ ಬಂದ ಮೇಲೆ ಎಲ್ಲಾ ಒಂದೇ ಕಣಮ್ಮ."

ಆಜ್ಞೆ ಹೊರಬಿತ್ತು. ನನಗೆ ಬಾಯಿಪಾಠವಾಗಿದೆ, ಕೇಳಿ: ಸದರಿ ಜಲಭೂಮಿಯು ಹಂಗಾಮಿಯಾಗಿದ್ದು, ಅವಧಿ ನಮೂದಾಗಿರುವುದಿಲ್ಲ, ನವೀಕರಣದ ಕೋರಿಕೆಯೂ ಬಂದಿರುವುದಿಲ್ಲ, ಆದ್ದರಿಂದ ಅವಧಿ ಮುಗಿದಿದೆಯೆಂದು ಪರಿಗಣಿಸಲಾಗಿದೆ.

ಸಭಿಕರೇ, ಯಾರು ಕೋರಬೇಕಿತ್ತು? ನದಿಯೇ? ಎದ್ದು, ಮೈ ಒರೆಸಿಕೊಂಡು, ಇಲಾಖೆಯ ಮೆಟ್ಟಿಲು ಹತ್ತಿ, ಬೆಂಚಿನ ಮೇಲೆ ಕೂತು ಸರದಿ ಕಾಯಬೇಕಿತ್ತೇ?

ನಕ್ಷೆಯಲ್ಲಿ ನೀಲಿ ಅಳಿಸಿದರು, ಹಳದಿ ಬಳಿದರು. ಹಳದಿ ಎಂದರೆ ವಸತಿ. ಗಂಬೂಟು ನಮ್ಮ ನಿರ್ದೇಶಕರ ಕೋಣೆಗೆ ಓಡಿದಳು. ನಿರ್ದೇಶಕರು ಹೇಳಿದ್ದು, ಸರ್, ತಮಗೆ ನೆನಪಿರಬಹುದು: "ವರದಿ ಬರೆಯೋದು ನಮ್ಮ ಕೆಲಸ. ಓದೋದು ಅವರ ಕೆಲಸ. ಅವರ ಕೆಲಸಕ್ಕೆ ನಾವ್ಯಾಕೆ ಕೈ ಹಾಕ್ಬೇಕು?"

ತಗ್ಗಿಗೆ ಲಾರಿಗಟ್ಟಲೆ ಮಣ್ಣು ಬಿತ್ತು. ಮಣ್ಣಿನ ಮೇಲೆ ಮನೆಗಳು ಎದ್ದವು. ಸಾಲು ಸಾಲು, ಮೂರು ಮಹಡಿ, ಕೆನೆ ಬಣ್ಣ.

ಇತ್ತ ನಮ್ಮ ರಾಣಿಗೆ ಮಂಡಿನೋವು. ಮೆಟ್ಟಿಲಿಲ್ಲದ ಮನೆ ಬೇಕು. ಮನೆ ತೋರಿಸಿದವನು ಆ ಆಜ್ಞೆಯ ಪ್ರತಿಯನ್ನೇ ಕೈಗಿಟ್ಟನಂತೆ. ಅಕ್ಕ ನನಗೆ ಫೋನು ಮಾಡಿದಳು.

"ಏನೋ, ಇದು ನಿಮ್ಮ ಆಫೀಸಿನ ಪದ ಅಂತೆ? ನೀರು ಹಂಗಾಮಿ, ಅವಧಿ ಮುಗಿದಿದೆ ಅಂತ ಬರೆದಿದ್ದಾರೆ. ನೀನೂ ಹಂಗಾಮೀನೇ ಅಲ್ವೇನೋ? ನಿನ್ನ ಅವಧಿ ಎಷ್ಟು ಸಲ ಮುಗೀತು? ಮಾರನೇ ದಿನ ಹೋಗಿ ಅದೇ ಕುರ್ಚೀಲಿ ಕೂತ್ಕೊಳ್ತೀಯಲ್ಲ! ನೀರಿಗೆ ನಿನಗಿಂತ ಜಾಸ್ತಿ ಮಾನ ಮರ್ಯಾದೆ ಇರುತ್ತಾ?"

"ತಮಾಷೆ ಬಿಡಕ್ಕ."

"ಬಿಟ್ಟೆ. ನೆಟ್ಟಗೆ ಹೇಳು. ತಗೊಳ್ಲಾ, ಬೇಡ್ವಾ?"

ನಾನು ಏನು ಹೇಳಿದೆ ಎಂಬುದು ಇಲ್ಲಿ ಅಪ್ರಸ್ತುತ. ಆ ವಾರ ನನ್ನ ನವೀಕರಣದ ಕಾಗದ ನಿರ್ದೇಶಕರ ಸಹಿಗೆ ಹೋಗಿತ್ತು ಎಂಬುದೂ ಅಪ್ರಸ್ತುತ. ಅಕ್ಕ ಮನೆ ತೆಗೆದುಕೊಂಡಳು. ನೆಲಮಹಡಿ. ಕಿಟಕಿಯ ಪಕ್ಕ ಮೊಳೆ ಹೊಡೆಸಿ ತಗಡಿನ ಕಿರೀಟ ನೇತುಹಾಕಿದಳು.

ಮೊದಲ ಮಳೆಗಾಲ ತೆಳುವಾಗಿ ಕಳೆಯಿತು. ತುಂಬಿದ ಮಣ್ಣಿನ ಬುಡ ಸುತ್ತಿಕೊಂಡು ನೀರು ಹೇಗೋ ದಾರಿ ಮಾಡಿಕೊಂಡಿತು. "ಎಲ್ಲೋ ನಿನ್ನ ಹಂಗಾಮಿ? ರಜೆ ಹಾಕಿದ್ದಾನಾ?" ಎಂದು ಅಕ್ಕ ನನ್ನನ್ನು ಅಣಕಿಸಿದಳು. ಮಾರನೆಯ ವರ್ಷ, ಅಂದರೆ ಹೋದ ವರ್ಷ, ಆ ಮಳೆ ನಿಮಗೆಲ್ಲ ಗೊತ್ತು. ಎಲ್ಲರೂ ನದಿಯ ಕಡೆಗೆ ನೋಡುತ್ತಿದ್ದರು. ನೀರು ನದಿಯ ಕಡೆಯಿಂದ ಬರಲಿಲ್ಲ. ಮಟಮಟ ಮಧ್ಯಾಹ್ನ, ಬಚ್ಚಲಿನ ತೂಬಿನಿಂದ ಬಂತು.

"ಬಂದ ಕಣೋ ನಿನ್ನ ಹಂಗಾಮಿ," ಎಂದಳು ಅಕ್ಕ ಫೋನಿನಲ್ಲಿ. "ಮುಂಬಾಗಿಲಿಂದ ಬರೋಕೆ ನಾಚಿಕೆ, ಬಚ್ಚಲಿಂದ ಬಂದಿದ್ದಾನೆ."

"ಅಕ್ಕ, ಮಹಡಿಗೆ ಹೋಗು. ಈಗಲೇ ಹೋಗು."

"ಮಹಡಿ ಹತ್ತೋ ಮಂಡಿ ಇದ್ದಿದ್ರೆ ಈ ಮನೆ ಯಾಕೆ ತಗೋತಿದ್ದೆ? ಮಂಚದ ಮೇಲೆ ಕೂತಿದ್ದೀನಿ. ಯಾರಾದ್ರೂ ಬರ್ತಾರೆ ಬಿಡು. ನೀನು ಊಟ ಮಾಡಿದ್ಯಾ?"

ಇದು ಆಕೆ ನನಗೆ ಆಡಿದ ಕೊನೆಯ ಮಾತು. ಊಟ ಮಾಡಿದ್ಯಾ.

ನಾನು ಸೇತುವೆಯವರೆಗೆ ಹೋದೆ. ಅಲ್ಲಿಂದಾಚೆ ರಸ್ತೆಯೇ ಇರಲಿಲ್ಲ. ಹೊರಗಿನ ನೀರು ಬಾಗಿಲನ್ನು ಒತ್ತಿ ಹಿಡಿದಿತ್ತಂತೆ, ಒಳಗಿನಿಂದ ತೆರೆಯಲಾಗಲಿಲ್ಲ. ಮೇಲಿನ ಮನೆಯವರು ಹಗ್ಗ ಬಿಟ್ಟರು, ಕಿಟಕಿಗೆ ಸರಳಿದ್ದವು. ಅಕ್ಕ ಹಾಡುತ್ತಿದ್ದಳು ಎಂದರು. ಶಾಲೆಯ ಮಕ್ಕಳಿಗೆ ಕಲಿಸುವ ಹಾಡು. ಆಮೇಲೆ ಕೇಳಿಸಲಿಲ್ಲ ಎಂದರು. ಆಕೆಯೊಬ್ಬಳೇ ಅಲ್ಲ. ಆ ಸಾಲಿನ ನೆಲಮಹಡಿಗಳೆಲ್ಲ ಹಾಗೆಯೇ ಮೌನವಾದವು.

ಕ್ಷಮಿಸಿ. ನೀರು ಕುಡಿಯುತ್ತೇನೆ. ನೋಡಿ, ಬೇಕೇ ಬೇಕು ಇದು!

ವಿಚಾರಣಾ ಸಮಿತಿ ಕೂತಿತು. ತಪ್ಪು ಯಾರದು? ಮಣ್ಣು ತುಂಬಿದವರದೇ? ಅಲ್ಲ, ಅವರ ಬಳಿ ಅನುಮತಿ ಇತ್ತು. ಅನುಮತಿ ಕೊಟ್ಟವರದೇ? ಅಲ್ಲ, ಅವರ ಬಳಿ ವರದಿ ಇತ್ತು. ಕೊನೆಗೂ ಅಪರಾಧಿ ಸಿಕ್ಕಿತು. ಪದ! ಎರಡು ಅರ್ಥದ ಪದವನ್ನು ಅಜಾಗರೂಕತೆಯಿಂದ ಬಳಸಿದ್ದಾರೆ ಎಂದು ಗಂಬೂಟಮ್ಮನ ಮೇಲೆ ಬರೆದರು. ಆಕೆಯನ್ನು ವಜಾ ಮಾಡುವ ಕಷ್ಟವೂ ಬೇಕಾಗಲಿಲ್ಲ. ಆಕೆಯೂ ಹಂಗಾಮಿಯೇ ತಾನೆ? ನವೀಕರಿಸಲಿಲ್ಲ. ಆ ಬೂಟುಗಳು ಇನ್ನೂ ಹಿಂಬಾಗಿಲ ಬಳಿ ಇವೆ. ಕೆಸರು ಒಣಗಿ ಉದುರುತ್ತಿದೆ.

ಸರಿ, ಪದವೇ ಅಪರಾಧಿಯಾದರೆ ಎರಡನೆಯ ಮುದ್ರಣದಲ್ಲಿ ಅದನ್ನು ತೆಗೆಯಬೇಕಲ್ಲವೇ? ಯಾರಾದರೂ ಹೇಳಿ, ಬೇಡವೇ? ನಾನು ತೆಗೆದೆ. ಅದರ ಜಾಗದಲ್ಲಿ ಹಾಲು ಕುಡಿಯುವ ಮಗುವಿಗೂ ತಿಳಿಯುವ ಒಂದು ಸಾಲು ಬರೆದೆ. ಕರಡು ಹಿಂದಕ್ಕೆ ಬಂದಾಗ ನನ್ನ ಸಾಲಿನ ಮೇಲೆ ಗೀಟು ಬಿದ್ದಿತ್ತು. ಹಳೆಯ ಪದ ತನ್ನ ಕುರ್ಚಿಯಲ್ಲಿ ಮತ್ತೆ ಕೂತಿತ್ತು. ಯಾಕೆ ಸರ್ ಎಂದು ಕೇಳಿದ್ದಕ್ಕೆ ನಮ್ಮ ನಿರ್ದೇಶಕರು ಹೀಗೆಂದರು: "ಪದ ಹಾಗೇ ಇದ್ರೆ ತಪ್ಪು ಆಕೆಯದು. ಬದಲಿಸಿದ್ರೆ ಸಂಸ್ಥೆಯದು ಅಂತಾಗುತ್ತೆ. ನೀವು ಹಿರಿಯರು, ಇನ್ನೇನು ಹೊರಡೋರು. ಯಾಕೆ ತಲೆ ಕೆಡಿಸ್ಕೊಳ್ತೀರಿ?"

ಈ ಮುದ್ರಣದಲ್ಲಿ ಹೊಸದಾಗಿ ಒಂದು ಅಧ್ಯಾಯ ಸೇರಿದೆ. ಆಚೆ ದಡದ ತಗ್ಗು. ಅದೇ ಬಯಲು, ಅದೇ ನೀರು, ಅದೇ ಪದ. ಅಲ್ಲಿ ಈಗಾಗಲೇ ಸುಣ್ಣದ ಗೆರೆ ಎಳೆದು ಕಲ್ಲು ನೆಟ್ಟಿದ್ದಾರೆ. ಆ ಬಡಾವಣೆಯ ನಕ್ಷೆ ನಮ್ಮ ಮುಖ್ಯ ಅತಿಥಿಗಳ ಸಹಿಗಾಗಿ ಕಾಯುತ್ತಿದೆ. ಈ ವಾರವಂತೆ. ಅಲ್ಲಿಯೂ ನೆಲಮಹಡಿಗಳಿರುತ್ತವೆ. ಅಲ್ಲಿಯೂ ಮಂಡಿನೋವಿನವರು ಮೊದಲು ನೆಲಮಹಡಿಯನ್ನೇ ಕೇಳುತ್ತಾರೆ.

ಓಹೋ. ಮೈಕು ಆರಿತೇ?

ಚಿಂತೆಯಿಲ್ಲ! ಹಿಂದಿನ ಸಾಲಿಗೆ ಕೇಳಿಸುತ್ತಿದೆಯೇ? ಬಾಗಿಲ ಬಳಿ ಚಹಾ ಹಿಡಿದು ನಿಂತವರಿಗೆ? ಅಧ್ಯಕ್ಷರೇ, ತಾವು ಚೀಟಿ ಕಳಿಸುವ ಶ್ರಮ ಪಡಬೇಡಿ, ಮುಗಿಸುತ್ತಿದ್ದೇನೆ.

ಕತ್ತರಿ ಎಲ್ಲಿ ಎಂದು ಹುಡುಕುತ್ತಿದ್ದೀರಿ. ಅದು ನನ್ನ ಜೇಬಿನಲ್ಲಿದೆ. ಕೈಯಲ್ಲಿರುವುದು ಗೀಟು ಬಿದ್ದ ನನ್ನ ಕರಡು. ಅತಿಥಿಗಳೇ, ಈ ಒಂದು ಸಾಲನ್ನು ಈ ಸಭೆಗೆ ಓದಿ ಹೇಳಿ. ಸಹಿ ಹಾಕುವುದು, ಬಿಡುವುದು ನಿಮ್ಮ ಅಧಿಕಾರ. ಆದರೆ ಇಷ್ಟು ಜನರ ಎದುರು ನಿಮ್ಮ ಬಾಯಿಂದಲೇ ಓದಿದ ಮೇಲೆ, ನಾನು ಬೇರೆ ಅರ್ಥ ಮಾಡಿಕೊಂಡಿದ್ದೆ ಎಂದು ನೀವು ನಾಳೆ ಹೇಳುವಂತಿಲ್ಲ. ಕೇಳಿಸಿರಲಿಲ್ಲ ಎಂದು ಇವರೂ ಹೇಳುವಂತಿಲ್ಲ.

ಸಂಜೆಗೆ ನನ್ನ ಅವಧಿ ಮುಗಿಯುತ್ತದೆ. ನವೀಕರಣಕ್ಕೆ ನಾನು ಕೋರುವುದಿಲ್ಲ. ನೀರೂ ಕೋರುವುದಿಲ್ಲ. ಅದು ಹಂಗಾಮಿಗೆ ಬರುತ್ತದೆ.

ನನ್ನನ್ನು ಇಷ್ಟು ವರ್ಷ ಸಾಕಿದ ಸಂಸ್ಥೆಗೆ, ನನ್ನ ಗಂಟಲನ್ನು ಸಹಿಸಿದ ಸಹೋದ್ಯೋಗಿಗಳಿಗೆ, ಆರಿಹೋಗುತ್ತಿರುವ ಚಹಾಕ್ಕೆ, ಹೇಳಿದ ತಕ್ಷಣ ಮೈಕು ಆರಿಸಿದ ಆ ತಮ್ಮನಿಗೆ, ಪಾಪ ಅವನೂ ಹಂಗಾಮಿಯೇ ಇರಬೇಕು, ಎಲ್ಲರಿಗೂ ನನ್ನ ವಂದನೆಗಳು.

ಅತಿಥಿಗಳೇ, ಎದ್ದು ನಿಂತಿದ್ದೀರಿ, ಸಂತೋಷ. ಹಾಳೆ ತೆಗೆದುಕೊಳ್ಳಿ. ಮಾತು ಬರುತ್ತಿಲ್ಲವೇ? ನಾನು ಪ್ರಾಂಪ್ಟರನ ಮಗ, ಎತ್ತಿಕೊಡುತ್ತೇನೆ. ಸಾಲು ಹೀಗೆ ಶುರುವಾಗುತ್ತದೆ: "ಈ ನೆಲದಲ್ಲಿ ಪ್ರತಿ ಮಳೆಗಾಲವೂ ನೀರು ನಿಲ್ಲುತ್ತದೆ, ಇಲ್ಲಿ ಮನೆ..."

ಮುಂದಿನದು ನೀವು.

ನಮಸ್ಕಾರ.