ಹ್ಯಾಂಡಿಕ್ಯಾಪ್ ಹನ್ನೆರಡು

ಗಾಲ್ಫ್ ಅಂಗಡಿಯ ಸಾಲಿನಲ್ಲಿ ನಿಂತಿದ್ದ ಹಲ್ಲಿನ ಡಾಕ್ಟರಿಗೆ ಮುಂದಿದ್ದ ಗಂಡ ಹೆಂಡಿರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಇದೂ ಒಂದು ಫೇರ್‌ವೇ ವುಡ್ ಕೋಲಾ? ಹುಲ್ಲಿನ ಮೇಲಿಂದ ಹೊಡೆದ್ರೆ ಚೆಂಡು ಮೊಣಕಾಲೆತ್ತರಾನೂ ಏಳಲ್ಲ! ಟೋಪಿ ಹಾಕಿದಾನೆ ಈ ಅಂಗಡಿಯವನು ನನಗೆ.”

“ಅವನೇನ್ ಮಾಡ್ತಾನೆ? ಹ್ಯಾಂಡಿಕ್ಯಾಪ್ ಕೇಳಿದ, ಹನ್ನೆರಡು ಅಂದ್ರಿ. ಅಷ್ಟು ಕಡಿಮೆ ಅಂದ್ರೆ ಪಳಗಿದ ಕೈ ಅನ್ಕೊಂಡು ಪಳಗಿದೋರ ಕೋಲು ಕೊಟ್ಟ.”

“ನಿನ್ನ ತಮ್ಮ ಪಕ್ಕದಲ್ಲೇ ನಿಂತಿದ್ದ ಕಣೇ! ಮೂವತ್ತೊಂದು ಅಂತ ಹೇಳ್ಲಾ?”

“ಹೇಳಬೇಕಿತ್ತು. ತಪ್ಪಿ ಹೊಡೆದ್ರೂ ಚೆಂಡು ಎತ್ತಿಕೊಡೋ ದೊಡ್ಡ ತಲೆ ಕೋಲು ಅಲ್ಲೇ ಇತ್ತು.”

“ಇವತ್ತು ಈ ಅಂಗಡಿಯವನನ್ನ ಸುಮ್ಮನೆ ಬಿಡಲ್ಲ!”

ಅವರ ಸರದಿ ಬಂತು.

“ಬದಲಾಯಿಸಿ ಕೊಡ್ತೀನಿ ಸಾರ್. ಹ್ಯಾಂಡಿಕ್ಯಾಪ್ ಎಷ್ಟು?” ಎಂದ ಅಂಗಡಿಯವನು.

ಗಂಡ ಹಿಂದಿದ್ದ ಸಾಲನ್ನೊಮ್ಮೆ ನೋಡಿದ.

“ಹದಿಮೂರು.”

“ಅದೇ ಕೋಲು ವಾಪಸ್ ಕೊಟ್ಬಿಡಪ್ಪ ಇವರಿಗೆ,” ಎಂದು ಹೆಂಡತಿ ಬಾಗಿಲ ಕಡೆ ದಾಪುಗಾಲು ಹಾಕಿದಳು.