ಒಬ್ಬನಿಗೆ ಇಬ್ಬರು

ಒಬ್ಬನ್ನ ಕೊಟ್ಟು ಇಬ್ಬರನ್ನ ತಗೊಂಡಿದೀನಿ ಕಣೋ, ಅದೂ ಮುಖವಾಡ ಹಾಕಿ ಕುಸ್ತಿ ಆಡೋ ಜೋಡಿ. ಜೊತೆಗೆ ಟೀವೀಲಿ ಭಾನುವಾರದ ಒಂಬತ್ತು ಗಂಟೆಯ ಹೊತ್ತು. ಇಷ್ಟು ಬೆಲೆ ಈ ಕಂಪನೀಲಿ ಇವತ್ತಿನವರೆಗೆ ಯಾರಿಗೂ ಬಂದಿಲ್ಲ. ನಿನಗೆ ಬಂದಿದೆ. ಹಿಗ್ಗೋದು ಬಿಟ್ಟು ಬೂಟಿನ ಲೇಸು ನೋಡ್ತಾ ಕೂತಿದೀಯಲ್ಲ.

ಬಾಗಿಲು ಹಾಕಿದೀನಿ, ಯಾರಿಗೂ ಕೇಳಿಸಲ್ಲ. ಬೈಯೋದಿದ್ರೆ ಬೈದ್ಬಿಡು. ಅಕ್ಕನ ಗಂಡ ಅಂತ ಸಂಕೋಚ ಬೇಡ.

ಬೈಯಲ್ವಾ? ಸರಿ. ಹಾಗಾದ್ರೆ ಕೇಳು.

ಒಂದೇ ಕಂಪನಿ, ಒಬ್ಬರೇ ಯಜಮಾನರು, ಎರಡು ಷೋ. ಶುಕ್ರವಾರದ್ದು ಆ ಇನ್ನೊಬ್ಬ ಮ್ಯಾನೇಜರದ್ದು, ಭಾನುವಾರದ್ದು ನನ್ನದು. ವರ್ಷಕ್ಕೊಂದು ಸಲ ನಿಮ್ಮನ್ನೆಲ್ಲ ಮತ್ತೆ ಒಂದೇ ರಾಶಿಗೆ ಹಾಕಿ, ಮ್ಯಾನೇಜರ್‌ಗಳು ನಾವಿಬ್ಬರೂ ಜನರೆದುರು ನಿಂತು ಸರದಿ ಪ್ರಕಾರ ಹೆಸರು ಕೂಗ್ತೀವಿ. ಗೊತ್ತಿರೋದನ್ನೇ ಹೇಳ್ತಾನೆ ಅಂತ ಮುಖ ಹಾಗೆ ಮಾಡ್ಬೇಡ, ಒಂದು ಕಾರಣಕ್ಕೆ ಹೇಳ್ತಿದೀನಿ. ಹೊರಗೆ ಕೂತಿರೋ ಜನ ಉಸಿರು ಬಿಗಿಹಿಡ್ಕೊಂಡು ಕಾಯ್ತಿದಾರೆ, ಯಾರು ಎಲ್ಲಿಗೆ ಹೋಗ್ತಾರೋ ಅಂತ. ಆ ಲೆಕ್ಕ ನಿನ್ನೆ ಮಧ್ಯಾಹ್ನವೇ ಕ್ಯಾಂಟೀನಲ್ಲಿ ಮುಗಿದುಹೋಗಿದೆ. ಈ ಕಡೆ ನಾನು, ಆ ಕಡೆ ಶುಕ್ರವಾರದವನು, ನಡುವೆ ಯಜಮಾನರು, ಅವರ ಮುಂದೆ ಒಂದು ತಟ್ಟೆ ಹಣ್ಣು. ಶುಕ್ರವಾರದವನು ಕೂತ ತಕ್ಷಣ ಅಂದ, ‘ಮೊದಲ ಹೆಸರು ಗೋಡೆ.’ ಆಮೇಲೆ ಮಿಕ್ಕಿದ್ದೆಲ್ಲ.

ಗೋಡೆ ಅಂದ್ರೆ ನೀನೇ ಮಾರಾಯ, ಹಿಂದೆ ತಿರುಗಿ ಯಾರನ್ನ ನೋಡ್ತೀಯ.

ಮೊದಲ ಹೆಸರು. ಇಷ್ಟು ವರ್ಷದಲ್ಲಿ ನಿನ್ನ ಹೆಸರು ಯಾವತ್ತಾದ್ರೂ ಮೊದಲು ಬಂದಿದೆಯಾ? ರಾಶಿ ತಳ ಕಂಡಾಗ ನಾನೇ ಕೂಗ್ತಿದ್ದೆ, ‘ಸರಿ, ನಮ್ಮ ಗೋಡೇನೂ ಇರಲಿ.’ ಜನ ನಗೋರು. ನೀನೂ ನಗ್ತಿದ್ದೆ. ಇವತ್ತು ಯಾರೂ ನಗಲ್ಲ. ಅವನು ನಿನ್ನ ಹೆಸರು ಕೂಗ್ತಾನೆ, ನಾನು ಎದೆ ಹಿಡ್ಕೊಂಡು ರಿಂಗಿನ ಹಗ್ಗದ ಮೇಲೆ ವಾಲ್ಬೇಕು, ನನ್ನ ಮನೇನೇ ಕೊಳ್ಳೆ ಹೋಯ್ತು ಅನ್ನೋ ಥರ. ಬೆಳಿಗ್ಗೆ ಕನ್ನಡಿ ಮುಂದೆ ಮಾಡಿ ನೋಡ್ದೆ. ನಿನ್ನಕ್ಕ ಹಿಂದಿನಿಂದ ಬಂದು ‘ಗ್ಯಾಸಾ, ಮಾತ್ರೆ ಕೊಡ್ಲಾ’ ಅಂದ್ಲು.

ಅದಕ್ಕೂ ನಗಲ್ವಾ? ಚೆನ್ನಾಗಿತ್ತಪ್ಪ ಅದು.

ಮನೆ ವಿಷಯ ತಾನೇ? ಯೋಚನೆ ಮಾಡಿದೀನಿ. ಜನರ ಕಣ್ಣಿಗೆ ಎರಡು ಷೋನವರೂ ವೈರಿಗಳು, ಈ ಕಡೆಯವರು ಆ ಕಡೆಯವರ ಜೊತೆ ಕಾಣಿಸ್ಕೋಬಾರ್ದು, ಒಂದೇ ವ್ಯಾನ್ ಇಲ್ಲ, ಒಂದೇ ಹೋಟ್ಲು ಇಲ್ಲ. ಯಾರಾದ್ರೂ ಫೋಟೋ ಹೊಡೆದ್ರೆ ಇಬ್ಬರ ಕೆಲಸಾನೂ ಹೋಗುತ್ತೆ. ನೀನು ಇರೋದು ನಮ್ಮ ಮಹಡಿ ಮೇಲೆ. ಅದಕ್ಕೆ ಬೇರೆ ಮನೆ ನೋಡಿದೀನಿ, ಸ್ಟೇಷನ್ ಹಿಂದೆ, ಗಾಳಿ ಬೆಳಕು ಚೆನ್ನಾಗಿದೆ. ನಿನ್ನಕ್ಕ ಕೇಳಿದ್ಲು, ‘ಊಟಕ್ಕೂ ಶತ್ರುಗಳೇನ್ರೀ ನೀವು?’ ಒಂದು ವರ್ಷ ಅಷ್ಟೇ ಕಣೇ ಅಂದೆ. ಡಬ್ಬಿ ಕಳಿಸಿದ್ರಾಯ್ತು.

ಅದಲ್ವಾ? ಮತ್ತೇನು?

ಯಾಕೆ ಕೊಟ್ಟೆ ಅಂತಾನಾ?

ಕೊಡದೆ ಇನ್ನೇನು ಮಾಡ್ಲಿ, ಹೇಳು. ನನ್ನ ಷೋ ನೋಡೋರು ಕಮ್ಮಿ ಆಗ್ತಿದಾರೆ. ಯಜಮಾನರು ಹಣ್ಣು ತಿಂತಾ, ತಲೆ ಕೂಡ ಎತ್ತದೆ ಹೇಳಿದ್ರು, ‘ಎರಡು ಯಾಕೆ, ಒಂದು ಷೋ ಸಾಕು ಅನ್ಸುತ್ತೆ.’ ಯಾವುದು ಅಂತ ಹೇಳಲಿಲ್ಲ. ಹೇಳೋದೇನಿದೆ? ನನ್ನ ಷೋ ಮುಚ್ಚಿದ್ರೆ ನಮ್ಮ ಹುಡುಗರೆಲ್ಲ ಮನೆಗೆ. ಬಟ್ಟೆ ಹೊಲಿಯೋಳು, ಲೈಟಿನವನು, ನಾನು, ಎಲ್ಲ. ಮುಖವಾಡದ ಜೋಡಿ ಬಂದ್ರೆ ಮಕ್ಕಳು ಬರ್ತಾರೆ, ಮಕ್ಕಳ ಹಿಂದೆ ಅಪ್ಪ ಅಮ್ಮಂದಿರು ಬರ್ತಾರೆ. ಶುಕ್ರವಾರದವನಿಗೆ ಬೇಕಾಗಿದ್ದು ನೀನೊಬ್ಬನೇ. ಬೇರೆ ಯಾರನ್ನ ತೋರಿಸಿದ್ರೂ ಬೇಡ ಅಂದ. ಯಜಮಾನರ ಮುಂದೆ ಕೈ ಕುಲುಕಿ ಆಗಿದೆ. ಹಾಗೆ ಕುಲುಕಿದ ಮೇಲೆ ವರ್ಷ ತುಂಬೋವರೆಗೆ ವಾಪಸ್ ತಗೊಳ್ಳೋ ಮಾತಿಲ್ಲ, ಅದು ನಿನಗೂ ಗೊತ್ತು.

ಅವನಿಗೆ ನೀನು ಯಾಕೆ ಬೇಕು ಅಂತೀಯಾ? ಕ್ರೇನ್‌ಗೆ.

ಹೂಂ, ಅದೇ ಕ್ರೇನ್, ಏಳಡಿಯವನು. ಅವನೆದುರು ನಿಲ್ಲೋ ಗಾತ್ರದವರು ಆ ಕಡೆ ಯಾರೂ ಇಲ್ಲ. ಮುಂದಿನ ಶುಕ್ರವಾರವೇ ನಿಮ್ಮಿಬ್ಬರದ್ದು. ನೀನು ಅವನನ್ನ ಹಗ್ಗಕ್ಕೆ ಒತ್ತಿ ಹೈರಾಣ ಮಾಡ್ತೀಯ, ಕೊನೇಲಿ ಅವನು ನಿನ್ನನ್ನ ತಲೆಕೆಳಗೆ ಎತ್ತಿ ಹಿಡ್ಕೊಂಡು ಧೊಪ್ಪಂತ ಕೂತ್ಕೋತಾನೆ. ದಿನಾ ಮಾಡೋ ಕೆಲಸ ಅದು ಅವನಿಗೆ. ತಲೆ ನೆಲಕ್ಕೆ ತಾಗಲ್ಲ, ತೊಡೆ ಸಂದೀಲಿ ಭದ್ರವಾಗಿ ಹಿಡಿದಿರ್ತಾನೆ. ಬೆವರಿದ್ದಾಗ ಒಂಚೂರು ಜಾರುತ್ತೆ, ಅಷ್ಟೇ.

ಹಾಗೆ ನೋಡ್ಬೇಡ.

ನಾನು ನಿನಗೆ ಬರೆಯೋ ಕಥೇಲಿ ಈಚೆಗೆ ಎತ್ತೋದು, ತಲೆ ಮೇಲೆ ಬೀಳಿಸೋದು ಇರಲಿಲ್ಲ, ನಿಜ. ಬರೀ ನಿಂತ್ಕೊಂಡು ಒದೆ ತಿನ್ನೋದು. ಹುಡುಗರು ಆಡ್ಕೊಂಡ್ರು, ‘ಬಾಮೈದನಿಗೆ ಮೆತ್ತನೆ ಹಾಸಿಗೆ ಹಾಸ್ತಾನೆ’ ಅಂತ. ಆಡ್ಕೊಳ್ಳಿ ಬಿಡು. ವಿಶ್ರಾಂತಿ ಇರಲಿ ಅಂತ ಹಾಗೆ ಮಾಡಿದ್ದೆ. ಆ ಬಿದ್ದ ದಿನ ಆದ್ಮೇಲೆ.

ಆ ದಿನದ ವಿಷಯ ಬಿಡು ಈಗ.

ಸರಿ, ನೀನು ಬಿಡಲ್ಲ. ಬಾಯಿ ತೆಗೀದೇನೇ ಬಿಡಲ್ಲ ನೀನು. ನೋಡು, ರೆಫರಿ ಎರಡೂ ಕೈ ಮೇಲೆತ್ತಿ ಕತ್ತರಿ ಹಾಕಿದ ಅಂದ್ರೆ ನಿಜವಾಗ್ಲೂ ಏಟಾಗಿದೆ, ಆಟ ನಿಲ್ಲಿಸಿ ಅಂತ. ನಮ್ಮೊಳಗಿನ ಸನ್ನೆ ಅದು, ಜನರಿಗೆ ಗೊತ್ತಾಗೋದಲ್ಲ. ಆದ್ರೆ ಜನರಿಗೆ ಗೊತ್ತಾಗ್ಬಿಟ್ಟಿತ್ತು. ಅದಕ್ಕೆ ನಾನಂದೆ, ಒಂದು ಸಲ ಸುಳ್ಳಿಗೇ ಹಾಕಿಸೋಣ, ಎದ್ದು ನಿಂತು ನೋಡ್ತಾರೆ. ಹಾಕಿಸ್ದೆ. ಎದ್ದು ನಿಂತ್ರು, ಹೆಂಗಸರು ಅತ್ತರು. ಯಜಮಾನರು ಮೊದಲನೇ ಸಲ ನನ್ನ ಬೆನ್ನು ತಟ್ಟಿದ್ರು. ಆಮೇಲೆ ನೀನು ಬಿದ್ದೆ, ರೆಫರಿ ಕೈ ಕತ್ತರಿ ಹಾಕ್ದ, ಸ್ಟ್ರೆಚರ್ ಹಿಡಿಯೋರು ನಿಂತಲ್ಲೇ ನಕ್ರು, ಮತ್ತೆ ಮ್ಯಾನೇಜರ್ ಕಥೆ ಅಂತ. ನಾನೂ ಹಾಗೇ ಅಂದ್ಕೊಂಡೆ. ಅಂದ್ರೆ, ಕಥೆ ಬರೆಯೋನು ನಾನೇ, ನನಗೆ ಗೊತ್ತಿರಬೇಕಾಗಿತ್ತು. ಆದ್ರೂ ಒಂದು ಗಳಿಗೆ ನನಗೇ ಅನುಮಾನ ಬಂತು, ನೀನೇ ಸ್ವಂತಕ್ಕೆ ಏನೋ ಸೇರಿಸ್ತಿದೀಯ ಅಂತ. ಚೆನ್ನಾಗಿ ಬರ್ತಿದೆ, ಯಾರೂ ಒಳಗೆ ಹೋಗ್ಬೇಡಿ ಅಂತ ನಮ್ಮೋರ ಕಿವಿಗೆ ಮೈಕಲ್ಲಿ ಹೇಳ್ದೆ.

ನೀನೇ ಎದ್ದೆ. ಎದ್ದು ಆಟ ಮುಗಿಸಿದೆ. ನಿಜವಾಗ್ಲೂ ಏಟಾಗಿದ್ರೆ ಯಾರಾದ್ರೂ ಎದ್ದು ಆಟ ಮುಗಿಸ್ತಾರಾ? ಉಳುಕು ಅದು. ಅವತ್ತೂ ಹೇಳಿದೀನಿ, ಇವತ್ತೂ ಹೇಳ್ತೀನಿ, ಬರೀ ಉಳುಕು. ಇಷ್ಟು ದಿನ ಆಯ್ತು, ಸರಿಹೋಗಿರುತ್ತೆ. ಡಾಕ್ಟರೂ ಅಂದ್ರಲ್ಲ, ಹೀಗೇ ಇದ್ರೆ ತೊಂದರೆ ಇಲ್ಲ, ಅದೇ ಜಾಗಕ್ಕೆ ಇನ್ನೊಂದು ಬಿದ್ರೆ ಮಾತ್ರ...

ಏನಿಲ್ಲ. ಏನೋ ಹೇಳೋಕೆ ಹೋದೆ. ಆ ಹಸಿರು ಟೀ ಶರ್ಟ್ ಹಾಕ್ಕೋ, ಹೊತ್ತಾಯ್ತು. ಶುಕ್ರವಾರದವರ ಬಣ್ಣ ನಿನಗೆ ಒಪ್ಪುತ್ತೆ.

ಯಾಕೋ ಹೀಗೆ ಕೂತಿದೀಯ?

ನೀನು ಕೇಳಲಿಲ್ಲ. ಇನ್ನೊಂದು ಬಿದ್ರೆ ಏನಾಗುತ್ತೆ ಅಂತ ಕೇಳಬೇಕಾಗಿತ್ತು. ಡಾಕ್ಟರ್ ನನಗೆ ಯಾವಾಗ ಹೇಳಿದ್ರು ಅಂತ ಕೇಳಬೇಕಾಗಿತ್ತು. ಗೊತ್ತಿಲ್ಲದವನು ಕೇಳ್ತಾನೆ.

ಬೇರೆ ಕಡೆ ತೋರಿಸ್ಕೊಂಡ್ಯಾ? ಹೌದಾದ್ರೆ ಕಣ್ಣು ಮುಚ್ಚು ಸಾಕು, ತಲೆ ಆಡಿಸ್ಬೇಡ.

ಹೂಂ.

ನೋಡು, ಕಂಪನಿ ಡಾಕ್ಟರ್ ಹೇಳೋದು ಮ್ಯಾನೇಜರ್‌ಗೆ. ಕುತ್ತಿಗೆ ಮೂಳೆ ಸೀಳಿದೆ, ರಿಂಗ್ ಹತ್ತೋ ಹಾಗಿಲ್ಲ ಅಂದ್ರು. ಹುಡುಗನಿಗೆ ನಾನೇ ತಿಳಿಸ್ತೀನಿ ಅಂದೆ. ತಿಳಿಸೋಣ ಅಂತಾನೇ ಇದ್ದೆ. ಆಮೇಲೆ ಕ್ಯಾಂಟೀನಲ್ಲಿ ಕೂತಾಗ ಶುಕ್ರವಾರದವನು ನಿನ್ನ ಹೆಸರೇ ಹಿಡಿದ. ಈ ಕೆಲಸಕ್ಕೆ ಬರೋ ಮೊದಲು ನಾನು ಹಳೇ ಲಾರಿ ಮಾರ್ತಿದ್ದೋನು. ಗಿರಾಕಿ ಬಾನೆಟ್ ಎತ್ತಿ ನೋಡದಿದ್ರೆ ನಾವಾಗಿ ಎತ್ತಿ ತೋರಿಸೋರಲ್ಲ. ಅವನು ಎತ್ತಲಿಲ್ಲ. ನಾನು... ಆ ಹೊತ್ತಿಗೆ ನಾನು ಲಾರಿ ಮಾರ್ತಿದ್ದೆ ಕಣೋ. ಲಾರೀಲಿ ಯಾರು ಕೂತಿದಾರೆ ಅಂತ ನೋಡಲಿಲ್ಲ.

ಗೊತ್ತಿದ್ದೂ ಯಾಕೆ ಬಂದೆ ನೀನು? ಮೊದಲ ಹೆಸರು ಅಂತ ಯಾರೋ ಆಗಲೇ ಕಿವಿಗೆ ಹಾಕಿದ್ರಾ? ಅಷ್ಟಕ್ಕೇನಾ?

ಬೇಡ ಅನ್ನು. ಒಂದು ಸಲ ಬೇಡ ಅಂದ್ಬಿಡು. ನೀನೇ ಹೋಗಿ ಯಜಮಾನರಿಗೆ, ನನಗೆ ಇಷ್ಟ ಇಲ್ಲ, ಅಕ್ಕನ ಮನೆ ಬಿಟ್ಟು ಹೋಗಲ್ಲ ಅನ್ನು. ಅವರು ರೇಗ್ತಾರೆ, ಒಂದೆರಡು ವಾರ ಮೂಲೇಲಿ ಕೂರಿಸ್ತಾರೆ, ಅಷ್ಟೇ. ಕುತ್ತಿಗೆ ವಿಷಯ ಎತ್ತೋದೇ ಬೇಡ. ನಾನು ಹೋಗಿ ಹೇಳಿದ್ರೆ, ಗೊತ್ತಿದ್ದೂ ಕೈ ಕುಲುಕಿದೆಯಾ ಅಂತಾರೆ. ಷೋ ಇವತ್ತೇ ಹೋಗುತ್ತೆ, ಎಲ್ಲರದ್ದೂ. ನಿನ್ನ ಬಾಯಿಂದ ಬಂದ್ರೆ ಯಾರಿಗೂ ಏನೂ ಆಗಲ್ಲ.

ಹೇಳೋ. ಅಕ್ಕನ ಮೇಲಾಣೆ, ಹೇಳು.

ಹೇಳಲ್ಲ. ನನ್ನ ಬಾಯಿಂದಾನೇ ಬರಲಿ ಅಂತ ಕೂತಿದೀಯ. ಬಂದಾಗಿನಿಂದ ಅದಕ್ಕೇ ಕಾಯ್ತಿದೀಯ ಅಲ್ವಾ? ನಾನು ಮನೆ ಗಾಳಿ ಬೆಳಕು ಅಂತ ಒದರ್ತಿದ್ರೆ ನೀನು ಇದೊಂದಕ್ಕೆ ಕಾಯ್ತಿದ್ದೆ.

ಹೇಳ್ತೀನಿ. ಈಗಲೇ ಹೋಗಿ ಹೇಳ್ತೀನಿ. ಯಜಮಾನರ ಕೋಣೆ ಈ ಪಡಸಾಲೆ ತುದೀಲಿ ತಾನೇ. ಹೋಗೋದು, ಬಾಗಿಲು ತೆಗೆಯೋದು, ಹೇಳೋದು.

ಹೋಗ್ತೀನಿ, ಇರು.

...

ಹಾಂ, ಬಂದ್ವಿ, ಬಂದ್ವಿ. ಬಾಗಿಲು ಮುರೀಬೇಡ್ರೋ. ಬಟ್ಟೆ ಹಾಕ್ಕೊಳ್ತಿದಾನೆ.

ನಾನಿನ್ನೂ ಇಲ್ಲೇ ನಿಂತಿದೀನಿ, ನೀನು ಎದ್ಬಿಟ್ಯಾ?

ಕೊಡು ಇಲ್ಲಿ, ನಾನು ಹಾಕ್ತೀನಿ. ಕೈ ಎತ್ತು. ಇನ್ನೊಂದು... ಎತ್ತೋಕಾಗಲ್ವಾ? ಇದನ್ನ ಡಾಕ್ಟರೂ ಹೇಳಿರಲಿಲ್ಲ. ಸರಿ, ಮೊದಲು ಈ ಕೈ ತೂರಿಸೋಣ, ಆಮೇಲೆ ತಲೆ. ಕುತ್ತಿಗೆ ಹತ್ರ ಬಟ್ಟೆ ಅಗಲ ಮಾಡಿ ಹಿಡಿದಿದೀನಿ, ಬಗ್ಗು ನಿಧಾನಕ್ಕೆ. ನೋವಾದ್ರೆ ಹೇಳು.

ಆಯ್ತು. ಸರಿಯಾಗಿದೆ ಅಳತೆ.

ನೀನು ಆ ಬಾಗಿಲು, ನಾನು ಈ ಬಾಗಿಲು. ಇನ್ನು ನಾವು ಜೊತೇಲಿ ಕಾಣಿಸ್ಕೋಬಾರ್ದು. ನಡಿ.

ಮುಖವಾಡದವರು ಇಬ್ಬರು, ಒಂಬತ್ತು ಗಂಟೆ, ನನ್ನ ಕುರ್ಚಿಗೆ ಇನ್ನೊಂದು ವರ್ಷ. ಇಷ್ಟು ಬಂತು.