ಕರಡಿಯ ಗುರಾಣಿ ಹೊತ್ತವಳು

ಜರ್ಮನ್ ದೇಶದ ಒಂದು ಗುಡ್ಡದ ಮೇಲೆ, ನಮ್ಮ ಮುತ್ತಜ್ಜಂದಿರ ಕಾಲಕ್ಕೂ ಎಷ್ಟೋ ಹಿಂದೆ, ದೊಡ್ಡ ಮನೆತನದ ದೊರೆಯೊಬ್ಬ ಇದ್ದ. ಕೋಟೆ ಇತ್ತು, ಕುದುರೆಗಳಿದ್ದವು, ಬಾಗಿಲ ಮೇಲೆ ಕರಡಿಯ ಚಿತ್ರ ಬರೆದ ಗುರಾಣಿ ಇತ್ತು. ಆ ಕರಡಿ ಅಂದರೆ ಅವನಿಗೆ ಪ್ರಾಣ. ಗಂಡುಮಕ್ಕಳಿಬ್ಬರೂ ಯುದ್ಧದಲ್ಲಿ ಸತ್ತರು. ಮಗಳೊಬ್ಬಳು ಉಳಿದಳು.

ದೊರೆಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದಾಗ ಗಂಡನ ಮನೆಯಿಂದ ಬಂದವಳು ಅವಳೇ. ಮಗ್ಗುಲು ಬದಲಿಸಿದಳು, ಮೈ ಒರೆಸಿದಳು, ಹೇಲು ಉಚ್ಚೆ ಬಳಿದಳು. ಹೌದು, ದೇವರ ಮನೆಯಲ್ಲೇ, ಈ ಚರ್ಚಿನ ಪೀಠದಿಂದಲೇ ಹೇಳುತ್ತಿದ್ದೇನೆ. ಮಾಡುವವರಿಗಿಲ್ಲದ ನಾಚಿಕೆ ಕೇಳುವವರಿಗೇಕೆ?

ಈಗ ನೋಡಿ, ಆ ಕಾಲದ ದೊಡ್ಡ ಮನೆಗಳಲ್ಲಿ ಒಂದು ಪದ್ಧತಿ. ವಂಶದ ಕೊನೆಯ ಗಂಡಸು ಸತ್ತರೆ, ಮನೆತನದ ಗುರಾಣಿಯನ್ನು ನೆಂಟನೊಬ್ಬ ಹೊತ್ತು ತರಬೇಕು, ತಲೆಕೆಳಗು ಮಾಡಿ ಸತ್ತವನ ಜೊತೆಗೇ ಹೂಳಬೇಕು. ಈ ಮನೆ ಮುಗಿಯಿತು ಎಂದು ಗಟ್ಟಿಯಾಗಿ ಸಾರಬೇಕು. ಒಂದು ದಿನ ದೊರೆ ಪಾದ್ರಿಯನ್ನು ಕರೆಸಿದ.

"ನನ್ನ ಗುರಾಣೀನೂ ಹಾಗೇ ಹೂಳಿಬಿಡಿ ಸ್ವಾಮಿ. ನಂಗೆ ಯಾರೂ ಇಲ್ಲ."

ಹೀಗೆ ಹೇಳುವಾಗ ಅವನ ಬಾಯಿಗೆ ಗಂಜಿ ಹಾಕುತ್ತಿದ್ದ ಕೈ ಯಾರದು? ಹೇಳಿ, ಯಾರದು?

ಮಗಳ ಕೈಯಲ್ಲಿ ಚಮಚ ಹಾಗೇ ನಿಂತಿತು. ಅಪ್ಪ ಈಗ ತನ್ನ ಕಡೆ ತಿರುಗುತ್ತಾನೆ, ಮಾತು ತಿದ್ದಿಕೊಳ್ಳುತ್ತಾನೆ ಎಂದು ಕಾದಳು. ಅವನು ತಿರುಗಲಿಲ್ಲ.

"ಅಪ್ಪಾ, ನಾನಿದ್ದೀನಲ್ಲ?"

"ನೀನು ಬೇರೆ ಮನೆಯೋಳು ಕಣಮ್ಮ. ಗುರಾಣಿ ಹೊರೋಕೆ ನನ್ನ ಸೋದರಮಾವನ ಮೊಮ್ಮಗ ಬರ್ತಾನೆ. ಬಾಯಿ ಒರೆಸು."

ಒರೆಸಿದಳು. ನನಗೆ ಇಲ್ಲಿ ಮೈ ಉರಿಯುತ್ತದೆ, ಪ್ರಿಯರೇ! ಸೋದರಮಾವನ ಮೊಮ್ಮಗ ಯಾವ ಮನೆಯವನು? ಅವನೂ ಬೇರೆ ಮನೆಯವನೇ! ಆದರೆ ಗಂಡಸು ನೋಡಿ, ಸಾಕಲ್ಲ.

ದೊರೆ ಸತ್ತ. ಆ ನೆಂಟ ಬರಲಿಲ್ಲ, ಬೇಟೆಗೆ ಹೋಗಿದ್ದನಂತೆ. ಗುಡ್ಡದ ಕೆಳಗೆ ಹೆಣ ಗುಂಡಿಯ ಪಕ್ಕದಲ್ಲಿ ಕಾಯುತ್ತಿತ್ತು. ಗಂಡಸರು ಮುಖ ಮುಖ ನೋಡಿಕೊಂಡರು. ಮಗಳು ಯಾರನ್ನೂ ಕೇಳದೆ ಗುಡ್ಡ ಹತ್ತಿದಳು, ಬಾಗಿಲ ಮೇಲಿನ ಗುರಾಣಿ ಇಳಿಸಿದಳು, ಬೆನ್ನ ಮೇಲೆ ಹೊತ್ತು ತಂದಳು.

"ಈ ಮನೆ ಮುಗೀತು! ಇನ್ಯಾರೂ ಇಲ್ಲ!" ಎಂದು ಕೋಟೆಯ ಪಾರುಪತ್ಯಗಾರ ಸಾರಿದ.

"ಯಾರೂ ಇಲ್ದಿದ್ರೆ, ಇದನ್ನ ಹೊತ್ಕೊಂಡು ಬಂದೋಳು ಯಾರು?" ಎಂದು ಮಗಳು ಕೇಳಿದಳು.

ಅಪ್ಪ ಹೇಳಿದಂತೆಯೇ ಕರಡಿಯನ್ನು ತಲೆಕೆಳಗು ಮಾಡಿ ಗುಂಡಿಗಿಳಿಸಿ, ಒಂದು ಹಿಡಿ ಮಣ್ಣು ಹಾಕಿ ಹೊರಟುಹೋದಳು.

ಎಂಥ ಕಟುಕ ಅಪ್ಪ ಅನ್ನುತ್ತಿದ್ದೀರಿ, ಅಲ್ಲವೇ? ದೂರದ ದೇಶದ ಕಥೆ ಎಂದು ಬೆಂಚಿಗೆ ಒರಗಿ ಆರಾಮಾಗಿ ಕೂತಿದ್ದೀರಿ. ಮೊನ್ನೆ ಇದೇ ಸಭೆಯ ಹಿರಿಯರೊಬ್ಬರನ್ನು ಮಕ್ಕಳೆಷ್ಟು ಎಂದು ಕೇಳಿದೆ. "ಮಕ್ಕಳಿಲ್ಲ ಪಾದ್ರಿಗಳೇ, ಎರಡು ಹೆಣ್ಣು ಅಷ್ಟೇ" ಎಂದರು. ಅಷ್ಟೇ! ನನಗೆ ಕಾಫಿ ತಂದ ಅವರ ಮಗಳು ಇನ್ನೂ ಬಾಗಿಲಲ್ಲೇ ನಿಂತಿದ್ದಳು.

ಇವತ್ತು ಮನೆಗೆ ಹೋಗಿ ಏನು ಮಾಡುತ್ತೀರಿ? ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ಮಗಳನ್ನು ಸೇರಿಸಿ ಹೇಳಿ. ಮನೆಯ ವಿಷಯ ಮಾತಾಡುವಾಗ ಅಡುಗೆಮನೆಯಿಂದ ಅವಳನ್ನು ಕರೆದು ಕುರ್ಚಿ ಕೊಡಿ. ನಿಮ್ಮ ಬಾಯಿ ಒರೆಸುವ ಕೈಗೆ ಒಂದು ಹೆಸರಿದೆ. ನಾಲಿಗೆ ಬಿದ್ದುಹೋಗುವ ಮೊದಲು, ನಾಲ್ಕು ಜನರೆದುರು, ಆ ಹೆಸರು ಹಿಡಿದು ಕರೆಯಿರಿ.